ಮಾಲಾ-ಎನ್ ಶುರು ಮಾಡಿದ ಮೇಲೆ ಕೈ ಜುಮ್ಮೆನ್ನುತ್ತಿದೆ, ಇದು ನರದ ದೌರ್ಬಲ್ಯವೇ?

ಮಾಲಾ-ಎನ್ ಗರ್ಭನಿರೋಧಕ ಮಾತ್ರೆ ಶುರು ಮಾಡಿ ಎರಡು ತಿಂಗಳಾಯಿತು, ಆಗಾಗ ಬಲಗೈ ಜುಮ್ಮೆಂದು ಆಮೇಲೆ ತಲೆನೋವು ಬರುತ್ತದೆ ಅಂದಿದ್ದೀರಿ. ನಾನು ಡಾಕ್ಟರಲ್ಲ, ಆದರೆ ಇದನ್ನೇ ಅನುಭವಿಸಿದವಳು.

ನನಗೆ ಮೊದಲ ಸಲ ಆದದ್ದು ಚಪಾತಿ ಲಟ್ಟಿಸುವಾಗ. ಕಣ್ಣೆದುರು ಅಂಕುಡೊಂಕಾದ ಬೆಳಕಿನ ಗೆರೆ ಮಿನುಗಿತು. ಆಮೇಲೆ ಕಿರುಬೆರಳಲ್ಲಿ ಜುಮ್ಮು. ಅದು ಇರುವೆ ಹರಿದಂತೆ ಮೆಲ್ಲಗೆ ಮೊಣಕೈಗೆ ಬಂದು, ತುಟಿಗೂ ಏರಿತು. ಅರ್ಧ ಗಂಟೆಯಲ್ಲಿ ಎಲ್ಲ ಮಾಯ, ಹಿಂದೆಯೇ ಅರೆದಲೆನೋವು. ಮೆಡಿಕಲ್ ಶಾಪಿನವರು 'ನರ ವೀಕು' ಅಂತ ಬಿ ಕಾಂಪ್ಲೆಕ್ಸ್ ಕೊಟ್ಟರು. ಮೂರು ತಿಂಗಳು ನುಂಗಿದೆ. ಮೂತ್ರ ಹಳದಿಯಾಯಿತು, ಅಷ್ಟೇ.

ಕೊನೆಗೆ ನರರೋಗ ತಜ್ಞೆ ಕೇಳಿದ್ದು ಎರಡೇ ಪ್ರಶ್ನೆ: ಜುಮ್ಮು ಒಮ್ಮೆಲೇ ಬಂತಾ, ಹರಿದು ಬಂತಾ? ಯಾವ ಮಾತ್ರೆ ತಗೋತಿದ್ದೀರಿ? ಇದು ಕೈಯ ನರದ್ದಲ್ಲ, ಮಿದುಳಿನದು, ಮೈಗ್ರೇನಿನ (ಅರೆದಲೆನೋವಿನ) 'ಔರಾ', ಅಂದರೆ ತಲೆನೋವಿಗೆ ಮುಂಚೆ ಬರುವ ಸೂಚನೆ ಅಂದರು. ಔರಾ ಇದ್ದವರಿಗೆ ಪಾರ್ಶ್ವವಾಯುವಿನ ಅಪಾಯ ಮೊದಲೇ ತುಸು ಹೆಚ್ಚು. ಮಾಲಾ-ಎನ್‌ನಲ್ಲಿರುವ ಈಸ್ಟ್ರೋಜೆನ್ (0.03 ಮಿ.ಗ್ರಾಂ) ರಕ್ತ ಹೆಪ್ಪುಗಟ್ಟುವುದನ್ನು ಹೆಚ್ಚಿಸುತ್ತದೆ. ಹಾಗಾಗಿ ಔರಾ ಇದ್ದರೆ ಯಾವ ವಯಸ್ಸಿನಲ್ಲೂ ಈ ಬಗೆಯ ಮಾತ್ರೆ ಬೇಡ ಅಂತಲೇ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. ನಾನು ಅಂದೇ ಬಿಟ್ಟೆ, ಕಾಪರ್-ಟಿ ಹಾಕಿಸಿಕೊಂಡೆ. ಅದರಲ್ಲಿ ಹಾರ್ಮೋನೇ ಇಲ್ಲ.

ತಲೆನೋವು ಮಾಲಾ-ಎನ್ ಪಟ್ಟಿಯ ಕೊನೆಯ 7 ಕಬ್ಬಿಣದ (ಹಾರ್ಮೋನ್ ಇಲ್ಲದ) ಮಾತ್ರೆಗಳ ದಿನಗಳಲ್ಲಿ ಮಾತ್ರ ಬಂದರೆ ಅದು ಹಾರ್ಮೋನ್ ಇಳಿದದ್ದಕ್ಕೆ ಇರಬಹುದು. ನಿಮ್ಮದು ಯಾವುದು ಅಂತ ಡಾಕ್ಟರೇ ಹೇಳಬೇಕು, ಈ ವಾರವೇ ಹೋಗಿ. ಅಲ್ಲಿಯವರೆಗೆ ನಿರೋಧ್ ಇದೆಯಲ್ಲ. ಫಿಟ್ಸ್ ಮಾತ್ರೆ ತಗೊಳ್ಳುತ್ತಿದ್ದರೆ ಅದನ್ನೂ ಹೇಳಿ. ಕೆಲವು ಫಿಟ್ಸ್ ಮಾತ್ರೆಗಳು ಗರ್ಭನಿರೋಧಕದ ಬಲ ಕುಗ್ಗಿಸುತ್ತವೆ, ಲ್ಯಾಮೋಟ್ರಿಜಿನ್ ಎಂಬ ಫಿಟ್ಸ್ ಮಾತ್ರೆಯಾದರೆ ಈ ಗರ್ಭನಿರೋಧಕದಿಂದ ಅದರ ಬಲವೇ ಕುಗ್ಗುತ್ತದೆ. ಒಮ್ಮೆಲೇ ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ಕೈಕಾಲು ಸೋತರೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ.

ಇನ್ನೊಂದು. ಪೂಜೆಗೆ ಅಂತ ಮುಟ್ಟು ಮುಂದೂಡಲು ನುಂಗುತ್ತೇವಲ್ಲ, ಆ ನಾರೆಥಿಸ್ಟೆರಾನ್ ಕೂಡ ದೇಹದೊಳಗೆ ಸ್ವಲ್ಪ ಮಟ್ಟಿಗೆ ಈಸ್ಟ್ರೋಜೆನ್ ಆಗುತ್ತದೆ. ನಾದಿನಿಯ ಗೃಹಪ್ರವೇಶಕ್ಕೆ ಅತ್ತೆ ಎಷ್ಟು ಹೇಳಿದರೂ ನಾನು ತಗೊಳ್ಳಲಿಲ್ಲ. ಪೂಜೆಗೆ ಕೂರಲಿಲ್ಲ, ಊಟಕ್ಕೆ ಕೂತೆ.