ಓದುಗರ ಪ್ರಶ್ನೆ: ಪದವಿಗೆ ಮೊದಲೇ ಕರಿ ಗೌನು ಏಕೆ?

ಪ್ರಶ್ನೆ: ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಓದುತ್ತಿರುವ ನನ್ನ ಮೊಮ್ಮಗಳು ಪರೀಕ್ಷೆಗೆ ಹೊರಟಾಗಿನ ಫೋಟೊ ಕಳಿಸಿದ್ದಾಳೆ. ಕರಿ ಗೌನು ತೊಟ್ಟು, ಎದೆಗೆ ಗುಲಾಬಿ ಬಣ್ಣದ ಹೂವೊಂದನ್ನು ಸಿಕ್ಕಿಸಿಕೊಂಡಿದ್ದಾಳೆ. ಪದವಿ ಬರುವ ಮೊದಲೇ ಗೌನು ಹಾಕಬಹುದೇ? ಹೂವು ಏತಕ್ಕೆ?
– ಓದುಗರೊಬ್ಬರು, ಶಿಕಾರಿಪುರ

ಉತ್ತರ: ಹಾಕಬಹುದು ಎನ್ನುವುದಕ್ಕಿಂತ ಹಾಕಲೇಬೇಕು ಎನ್ನುವುದು ಸರಿ. ನಮ್ಮಲ್ಲಿ ಗೌನು ಘಟಿಕೋತ್ಸವದ ಒಂದು ದಿನದ ಉಡುಪು. (ಆ ಹೆಸರಿನೊಳಗಿನ ‘ಘಟಿಕೆ’ ನಿಮ್ಮದೇ ತಾಲ್ಲೂಕಿನ ತಾಳಗುಂದ ಶಾಸನದಲ್ಲಿದೆ, ಮಯೂರಶರ್ಮ ಓದಲೆಂದು ಹೋದದ್ದು ಕಂಚಿಯ ಘಟಿಕೆಗೆ.) ಆಕ್ಸ್‌ಫರ್ಡಿನಲ್ಲಿ ಹಾಗಲ್ಲ. ಮಧ್ಯಯುಗದಲ್ಲಿ ಅಲ್ಲಿ ಓದುವವರನ್ನು ಚರ್ಚಿನ ವರ್ಗಕ್ಕೆ ಸೇರಿದವರೆಂದೇ ಎಣಿಸುತ್ತಿದ್ದುದರಿಂದ ಪಾದ್ರಿಗಳ ನಿಲುವಂಗಿ ವಿದ್ಯಾರ್ಥಿಗಳ ಮೈಮೇಲೂ ಬಂದಿತು. ಇಂದಿಗೂ ಪ್ರವೇಶದ ವಿಧಿ, ಪರೀಕ್ಷೆ ಮತ್ತು ಪದವಿ ಪ್ರದಾನ ಮೂರಕ್ಕೂ ಅದು ಬೇಕು. ಗೌನಿನೊಳಗೆ ತೊಡುವ ಗಾಢ ಬಣ್ಣದ ಸೂಟು ಅಥವಾ ಲಂಗ, ಬಿಳಿ ಅಂಗಿ, ಕೊರಳಿನ ಟೈ ಅಥವಾ ಕರಿ ರಿಬ್ಬನ್ ಇವಕ್ಕೆ ಒಟ್ಟಾಗಿ ‘ಸಬ್‌ಫಸ್ಕ್’ ಎಂದು ಹೆಸರು. ಗಂಡಿಗೆ ಇದು, ಹೆಣ್ಣಿಗೆ ಅದು ಎಂಬ ಭೇದವನ್ನು 2012ರಲ್ಲಿ ತೆಗೆದುಹಾಕಿದರು. ಪರೀಕ್ಷೆಗೆ ಈ ವೇಷ ಕಡ್ಡಾಯವಾಗಿರಬೇಕೇ ಎಂದು 2015ರಲ್ಲಿ ಕೇಳಿದಾಗ, ಮತ ಹಾಕಿದ ವಿದ್ಯಾರ್ಥಿಗಳಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಮಂದಿ ಇರಲಿ ಎಂದರು. ಬೇಡವೆನ್ನುತ್ತಾರೆಂದು ಎಣಿಸಿದ್ದವರಲ್ಲಿ ನಾನೂ ಒಬ್ಬ.

ಹೂವು ನಿಯಮವಲ್ಲ, ರೂಢಿ. ಮೊದಲ ಪತ್ರಿಕೆಯ ದಿನ ಬಿಳಿ, ನಡುವಿನ ದಿನಗಳಲ್ಲಿ ಗುಲಾಬಿ ಬಣ್ಣ, ಕೊನೆಯ ದಿನ ಕೆಂಪು ಕಾರ್ನೇಷನ್. ಆದ್ದರಿಂದ ಫೋಟೊ ತೆಗೆದ ದಿನ ನಿಮ್ಮ ಮೊಮ್ಮಗಳ ಪರೀಕ್ಷೆ ಇನ್ನೂ ಮುಗಿದಿರಲಿಲ್ಲ. ಅದೇ ಫೋಟೊದಲ್ಲಿ ಭುಜವನ್ನೂ ಗಮನಿಸಿ: ತೋಳಿಲ್ಲದ ಗಿಡ್ಡ ಗೌನಾಗಿದ್ದು ಬಟ್ಟೆಯ ಪಟ್ಟಿಗಳು ಜೋತಾಡುತ್ತಿದ್ದರೆ ಸಾಮಾನ್ಯ ವಿದ್ಯಾರ್ಥಿನಿ, ನೆರಿಗೆ ಹಿಡಿದ ಅಗಲ ತೋಳುಗಳುಳ್ಳ ಉದ್ದನೆಯ ಗೌನಾಗಿದ್ದರೆ ವಿದ್ಯಾರ್ಥಿವೇತನದ ಗೌರವ ಪಡೆದವಳು, ನೀವು ನೆರೆಹೊರೆಗೆ ಸಿಹಿ ಹಂಚಬಹುದು.

ಪ್ರಶ್ನೆ: ಆಕ್ಸ್‌ಫರ್ಡಿನ ಪದವಿ ಪ್ರದಾನದ ವಿಡಿಯೊದಲ್ಲಿ ಇಬ್ಬರು ಅಧಿಕಾರಿಗಳು ಸುಮ್ಮನೆ ಅತ್ತಿತ್ತ ನಡೆದಾಡುತ್ತಾರೆ. ಪದವೀಧರರು ನಡುವೆಯೇ ಎದ್ದು ಹೊರಗೆ ಹೋಗುತ್ತಾರೆ. ಇದೇನು?
– ಓದುಗರೊಬ್ಬರು, ಧಾರವಾಡ

ಉತ್ತರ: ನಡೆದಾಡುವವರು ಪ್ರಾಕ್ಟರ್‌ಗಳು, ಅಂದರೆ ಶಿಸ್ತಿನ ಅಧಿಕಾರಿಗಳು. ಸಾಲ ತೀರಿಸದ ವಿದ್ಯಾರ್ಥಿಗೆ ಪದವಿ ಕೊಡಬಾರದೆಂದು ತಕರಾರು ಮಾಡಬಯಸುವ ಊರಿನ ಅಂಗಡಿಯವನು, ಅವರು ಹಾದುಹೋಗುವಾಗ ಗೌನನ್ನು ಹಿಡಿದು ಎಳೆಯಬಹುದಿತ್ತು. ಈಗ ಯಾರೂ ಎಳೆಯುವುದಿಲ್ಲ, ನಡಿಗೆ ಮಾತ್ರ ಉಳಿದಿದೆ.

ಹೊರಗೆ ಹೋಗುವುದೇ ಈ ಸಮಾರಂಭದ ಜೀವಾಳ. ಕ್ರಿಸ್ಟೋಫರ್ ರೆನ್ ವಿನ್ಯಾಸದಂತೆ 1669ರಲ್ಲಿ ಪೂರ್ಣಗೊಂಡ ಶೆಲ್ಡೋನಿಯನ್ ಭವನಕ್ಕೆ ಅವರು ಬರುವುದು ಹಳೆಯ ವಿದ್ಯಾರ್ಥಿ ಗೌನಿನಲ್ಲಿ. ಲ್ಯಾಟಿನ್ ಭಾಷೆಯಲ್ಲಿ ಪ್ರತಿಜ್ಞೆ ಸ್ವೀಕರಿಸಿ, ಹೊರಗೆ ಹೋಗಿ ಹೊಸ ಗೌನು ತೊಟ್ಟು, ಚಪ್ಪಾಳೆಗಳ ನಡುವೆ ಮರಳಿ ಬಂದು ತಲೆಬಾಗುತ್ತಾರೆ. ಬಿ.ಎ. ಆದವರ ಬೆನ್ನಮೇಲಿನ ಹುಡ್‌ಗೆ ಬಿಳಿ ತುಪ್ಪಳದ ಅಂಚು, ಎಂ.ಎ. ಹುಡ್‌ಗೆ ಕಡುಗೆಂಪು ರೇಷ್ಮೆಯ ಒಳಪದರ, ಡಾಕ್ಟರೇಟ್ ಪಡೆದವರಿಗೆ ನೀಲಿ ರೇಷ್ಮೆ ಹಚ್ಚಿದ ಕೆಂಪು ನಿಲುವಂಗಿ. ನಮ್ಮಲ್ಲಿ ಬೆಳಗಿನಿಂದಲೇ ಎಲ್ಲರೂ ಒಂದೇ ಗೌನಿನಲ್ಲಿ ಕುಳಿತಿರುವುದರಿಂದ ಪದವಿ ಯಾವ ಗಳಿಗೆಯಲ್ಲಿ ಬಂತೆಂಬುದು ಕಣ್ಣಿಗೆ ಕಾಣುವುದಿಲ್ಲ, ಅಲ್ಲಿ ಕಾಣುತ್ತದೆ.

ಪ್ರಶ್ನೆ: ಹೆಣ್ಣುಮಕ್ಕಳಿಗೆ ಅಲ್ಲಿ ಪದವಿಯ ಗೌನು ಸಿಕ್ಕಿದ್ದು ಎಂದಿನಿಂದ?
– ಓದುಗರೊಬ್ಬರು, ಮೈಸೂರು

ಉತ್ತರ: 1920ರ ಅಕ್ಟೋಬರ್‌ನಿಂದ. ಅದಕ್ಕೂ ಮುಂಚೆ ಪಾಠ ಕೇಳಬಹುದಿತ್ತು, ಪರೀಕ್ಷೆ ಬರೆಯಬಹುದಿತ್ತು, ಪದವಿ ಇರಲಿಲ್ಲ. ನಾಸಿಕದಲ್ಲಿ ಹುಟ್ಟಿದ ಕಾರ್ನೀಲಿಯಾ ಸೊರಾಬ್ಜಿ ಸಾಮರ್‌ವಿಲ್ ಕಾಲೇಜಿನಲ್ಲಿ ಕಾನೂನು ಓದಿ, ವಿಶೇಷ ಅನುಮತಿಯ ಮೇಲೆ 1892ರಲ್ಲಿ ಬಿ.ಸಿ.ಎಲ್. ಎಂಬ ಕಾನೂನು ಪದವಿಯ ಪರೀಕ್ಷೆ ಬರೆದರು. ಅದನ್ನು ಬರೆದ ಮೊದಲ ಮಹಿಳೆ ಅವರು. ಬರಿಗೈಯಲ್ಲಿ ಭಾರತಕ್ಕೆ ಮರಳಿದ ಅವರು ಆ ಪದವಿಯನ್ನು ಸ್ವೀಕರಿಸಿದ್ದು 1922ರಲ್ಲಿ, ತಮ್ಮ ಐವತ್ತಾರರ ಆಸುಪಾಸಿನಲ್ಲಿ. ಅಷ್ಟರಲ್ಲಿ ಮಹಿಳೆಯರಿಗೆಂದೇ ಗಟ್ಟಿ ಚೌಕದ ಟೋಪಿಯ ಬದಲು ಮೆತ್ತನೆಯ ಬಟ್ಟೆಯ ಟೋಪಿಯೊಂದನ್ನು ಹೊಸದಾಗಿ ಗೊತ್ತುಮಾಡಿದ್ದರು.