ಪ್ರತಿಕ್ರಿಯೆ: ಜಾಮೀನು ಸಿಕ್ಕಿ ತಿಂಗಳಾದರೂ ತಮ್ಮ ಬಿಡುಗಡೆ ಆಗಿಲ್ಲ

ಜಾಮೀನು ಸಿಕ್ಕಿದರೂ ನಿಮ್ಮ ತಮ್ಮ ಮೈಸೂರು ಜೈಲಲ್ಲೇ ಇರೋದಕ್ಕೆ ಕಾರಣ ಬಹುತೇಕ ಶ್ಯೂರಿಟಿ, ಅಂದರೆ ಅವನ ಪರ ಕೋರ್ಟಿಗೆ ಹೊಣೆ ನಿಲ್ಲೋರು. ಹಾಗೆ ನಿಲ್ಲೋಕೆ ಪಹಣಿ (ಜಮೀನಿನ ದಾಖಲೆ) ಇರೋರು ಸಿಕ್ಕಿಲ್ಲ, ಅಷ್ಟೇ. ದುಡ್ಡಿದ್ದವನಾಗಿದ್ದರೆ ಯಾವಾಗಲೋ ಹೊರಗಿರುತ್ತಿದ್ದ, ಅಲ್ವಾ?

ಮೊದಲು ಜಾಮೀನು ಆದೇಶದ ಪ್ರತಿ ತಗೊಂಡು ಷರತ್ತು ಏನಿದೆ ನೋಡಿ. ಬೇರೆ ಕೇಸಲ್ಲಿ ವಾರಂಟ್ ಇದೆಯಾ ಅಂತಲೂ ಜೈಲಲ್ಲಿ ಕೇಳಿ. ಆಮೇಲೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಜೈಲಲ್ಲಿರೋರಿಗೆ ವಕೀಲರು ಉಚಿತ, ಫೋನ್ 15100. ಜಾಮೀನು ಕೊಟ್ಟ ಕೋರ್ಟಲ್ಲೇ ಷರತ್ತು ಸಡಿಲಿಸಲು ಅರ್ಜಿ ಹಾಕಿಸಿ. ತಿಂಗಳಾದರೂ ಜಾಮೀನು ಬಾಂಡ್ (ಮುಚ್ಚಳಿಕೆ ಪತ್ರ) ಕೊಡಲಾಗದಿದ್ದರೆ ಕೋರ್ಟು ತಾನಾಗಿಯೇ ಷರತ್ತು ಬದಲಿಸೋದನ್ನು ಪರಿಗಣಿಸಬಹುದು ಅಂತ ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಹೇಳಿದೆ, ಅದನ್ನೂ ಬರೆಸಿ. ಜಡ್ಜ್ ಒಪ್ಪೇ ಒಪ್ತಾರೆ ಅಂತ ಹೇಳೋಕಾಗಲ್ಲ.

ಕೋರ್ಟ್ ಗೇಟಲ್ಲಿ ಪಹಣಿ ಮಡಚಿ ಜೇಬಲ್ಲಿಟ್ಟುಕೊಂಡು ಬಾಡಿಗೆಗೆ ಶ್ಯೂರಿಟಿ ನಿಲ್ಲೋರ ಸಹವಾಸ ಮಾತ್ರ ಬೇಡ, ದಾಖಲೆ ಸುಳ್ಳಾದರೆ ನಿಮ್ಮ ಮೇಲೇ ಹೊಸ ಕೇಸು ಬೀಳಬಹುದು.