ಥಾಯ್ ಭಾಷೆಯ ಭವಿಷ್ಯತ್ ಕಾಲ ಕಲಿಯೋಕೆ ಆ್ಯಪ್ ಸಾಕಾ, ಟ್ಯೂಷನ್ ಬೇಕಾ? ಆಗಸ್ಟ್‌ನಲ್ಲಿ ಕೆಲಸಕ್ಕೆ ಥಾಯ್ಲೆಂಡ್‌ಗೆ ಹೊರಡ್ತಿದ್ದೀನಿ

ನಿಮ್ಮ ಪ್ರಶ್ನೆ ಓದಿ ನನ್ನ ಹಳೇ ನೋಟ್‌ಬುಕ್ ಕಣ್ಮುಂದೆ ಬಂತು. ಅದರ ಮೊದಲ ಪುಟದಲ್ಲೇ ದೊಡ್ಡದಾಗಿ ಬರೆದುಕೊಂಡಿದ್ದೆ: 'ಭವಿಷ್ಯತ್ ಕಾಲ = ಚ + ಕ್ರಿಯಾಪದ'. ಕೆಳಗೆ ಎರಡು ಗೆರೆ ಬೇರೆ. ಆ ಒಂದು ಸಾಲಿಗೆ ನಾನು ಕೊಟ್ಟ ಬೆಲೆ 13,000 ಬಾತ್, ಆಗಿನ ಲೆಕ್ಕದಲ್ಲಿ ಸುಮಾರು 28,000 ರೂಪಾಯಿ.

ನಾನು ಪೀಣ್ಯದ ಟೂಲ್ ರೂಮಿನವನು. 2018ರ ಕೊನೆಯಲ್ಲಿ ನಮ್ಮ ಕಂಪನಿ ನನ್ನನ್ನು ಚೊನ್‌ಬುರಿ ಪ್ರಾಂತ್ಯದ ಕಾರಿನ ಬಿಡಿಭಾಗದ ಫ್ಯಾಕ್ಟರಿಯೊಂದಕ್ಕೆ ಎರಡು ವರ್ಷಕ್ಕೆ ಅಂತ ಕಳಿಸಿತು. ಶ್ರೀರಾಚಾ ಊರಲ್ಲಿ ರೂಮು. ತಿಂಗಳಿಗೆ 6,500 ಬಾತ್ ಬಾಡಿಗೆ, ಎರಡು ತಿಂಗಳ ಬಾಡಿಗೆ ಅಡ್ವಾನ್ಸ್. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕಂಡವನಿಗೆ ಇದು ಧರ್ಮಛತ್ರ ಅನ್ನಿಸಿತ್ತು. ಒಂದು ವರ್ಷದ ಕರಾರು, ಅವಧಿಗೆ ಮುಂಚೆ ಬಿಟ್ಟರೆ ಅಡ್ವಾನ್ಸ್ ವಾಪಸ್ ಇಲ್ಲ. ಮನೆ ಓನರ್ ಅರವತ್ತು ದಾಟಿದ ಹೆಂಗಸು. ಎಲ್ಲರ ಹಾಗೆ ನಾನೂ 'ಪಾ' ಅಂತಲೇ ಕರೀತಿದ್ದೆ, ದೊಡ್ಡಮ್ಮ ಅಂದ ಹಾಗೆ.

ಮಾರ್ಚ್‌ನಲ್ಲಿ ಬಾಡಿಗೆ ಕೊಡೋಕೆ ಹೋದಾಗ ಪಾ ಕೇಳಿದರು: "ಸೊಂಗ್‌ಕ್ರಾನ್ ಪೈ ನೈ?" ಸೊಂಗ್‌ಕ್ರಾನ್‌ಗೆ ಎಲ್ಲಿಗೆ ಹೋಗ್ತೀಯ ಅಂತ. ಸೊಂಗ್‌ಕ್ರಾನ್ ಅಂದರೆ ನಮ್ಮ ಸಂಕ್ರಾಂತಿ ಪದವೇ. ಆದರೆ ಅವರದು ಮೇಷ ಸಂಕ್ರಮಣದ್ದು, ಏಪ್ರಿಲ್ 13ರಿಂದ 15. ನಮ್ಮ ಕರಾವಳಿಯಲ್ಲಿ ಬಿಸು ಬರೋದೂ ಅದೇ ಹೊತ್ತಿಗೆ. ಆ ಪ್ರಶ್ನೆಗೆ ಸರಿಯಾಗಿಯೇ ಉತ್ತರ ಕೊಟ್ಟೆ. ಅಲ್ಲಿಗೆ ಬಾಯಿ ಮುಚ್ಚಿಕೊಂಡು ಬಂದಿದ್ದರೆ ಇದನ್ನೆಲ್ಲ ಬರೆಯೋ ಪ್ರಮೇಯ ಇರುತ್ತಿರಲಿಲ್ಲ. ಥಾಯ್ ಬಂತಲ್ಲ ಅನ್ನೋ ಹುಮ್ಮಸ್ಸು. ಫ್ಯಾಕ್ಟರಿ ಹತ್ತಿರ ಸಹೋದ್ಯೋಗಿ ಜೊತೆ ಒಂದು ಮನೆ ಮಾಡೋ ಮಾತು ನಡೀತಿತ್ತು, ಇನ್ನೂ ಏನೂ ಗಟ್ಟಿಯಾಗಿರಲಿಲ್ಲ. ಅದನ್ನೂ ಹೇಳಿಬಿಡೋಣ ಅಂತ ಅಂದೆ: "ದೂಅನ್ ನಾ ಚ ಯಾಯ್ ಓಕ್ ಖ್ರಾಪ್."

ಪಾ ಒಂದು ಕ್ಷಣ ಸುಮ್ಮನಾದರು. ಆಮೇಲೆ "ನ್ಯಾ ಚೈ ಮೈ?" ಅಂದರು. ಖಂಡಿತಾನಾ ಅಂತ. ಅದು ನನಗೆ ಅರ್ಥವಾಗಲಿಲ್ಲ. ಅರ್ಥವಾಗದಿದ್ದಾಗಲೆಲ್ಲ ಮಾಡ್ತಿದ್ದ ಹಾಗೆ ನಕ್ಕು "ಖ್ರಾಪ್, ಖ್ರಾಪ್" ಅಂದೆ, ನಮ್ಮ 'ಹೌದು ಹೌದು' ಅಂದ ಹಾಗೆ. ಹತ್ತು ದಿನಕ್ಕೆ ಒಂದು ಎಳೇ ಜೋಡಿಯನ್ನು ಕರಕೊಂಡು ಬಂದು ನನ್ನ ರೂಮು ತೋರಿಸಿದರು. ಆಗಲೇ ಅವರಿಂದ ಅಡ್ವಾನ್ಸ್ ತಗೊಂಡಾಗಿತ್ತು.

ಈಗ ತಪ್ಪು ಎಲ್ಲಿ ಅಂತ ನೋಡಿ. ವ್ಯಾಕರಣ ಸರಿ ಇತ್ತು, ಉಚ್ಚಾರಣೆಯೂ ಪರವಾಗಿಲ್ಲ. ನನ್ನ ಮನಸ್ಸಲ್ಲಿದ್ದದ್ದು "ಮುಂದಿನ ತಿಂಗಳು ರೂಮು ಬಿಡಬೇಕು ಅಂತಿದ್ದೀನಿ". ಬಾಯಲ್ಲಿ ಬಂದದ್ದು "ಮುಂದಿನ ತಿಂಗಳು ರೂಮು ಬಿಡ್ತೀನಿ". ಓನರ್ ಎದುರು ನಿಂತು, ಬಾಡಿಗೆ ದುಡ್ಡು ಕೈಗೆ ಕೊಡ್ತಾ "ಬಿಡ್ತೀನಿ" ಅಂದರೆ ಅದು ನೋಟೀಸು. ಬಸವನಗುಡಿಯಲ್ಲಿ ಹೇಳಿದರೂ ನೋಟೀಸೇ. ಕನ್ನಡದಲ್ಲಿ ನಾನು ಯಾವತ್ತೂ ಮಾಡದ ತಪ್ಪು ಅದು. 'ಅಂತಿದ್ದೀನಿ' ಅನ್ನೋದನ್ನು ನಾವು ಮರೆಯೋದೇ ಇಲ್ಲ, ಮದುವೆ ಮಾತಿಂದ ಸೈಟು ಕೊಳ್ಳೋ ಮಾತಿನವರೆಗೆ ನಮ್ಮ ಅರ್ಧ ಬದುಕು ಅದರ ಮೇಲೇ ನಿಂತಿದೆ. ಥಾಯ್‌ನಲ್ಲಿ ಯಾಕೆ ಮರೆತೆ? ಯಾಕೆಂದರೆ ನಾನು ಕನ್ನಡದಿಂದ ಥಾಯ್‌ಗೆ ಹೋಗಿರಲೇ ಇಲ್ಲ. ಆ್ಯಪ್ ಇಂಗ್ಲಿಷ್‌ನಲ್ಲಿತ್ತು, 'ಚ' ಅಂದರೆ ಇಂಗ್ಲಿಷಿನ 'ವಿಲ್' ಅಂತ ಹೇಳಿಕೊಟ್ಟಿತು. ನಾನು ನಾಳೆಯ ವಿಷಯಕ್ಕೆಲ್ಲ, ಗಟ್ಟಿ ಇರಲಿ ಜೊಳ್ಳಿರಲಿ, ಅದೊಂದೇ ಚ ಅಂಟಿಸಿಕೊಂಡು ಓಡಾಡಿದೆ.

ನಮ್ಮ 'ಅಂತಿದ್ದೀನಿ'ಗೆ ಥಾಯ್‌ನಲ್ಲಿ ಅಚ್ಚುಕಟ್ಟಾದ ಜೋಡಿ ಇದೆ: 'ಖಿತ್ ವಾ ಚ'. ಖಿತ್ ಅಂದರೆ ಯೋಚಿಸು, ವಾ ಅಂದರೆ ನಮ್ಮ 'ಅಂತ'. "ಖಿತ್ ವಾ ಚ ಯಾಯ್ ಓಕ್" ಅಂದಿದ್ದರೆ ಪಾ "ಓಹೋ" ಅಂದು ಸುಮ್ಮನಾಗುತ್ತಿದ್ದರು. ಎರಡೇ ಅಕ್ಷರ ಜಾಸ್ತಿ. ಲೆಕ್ಕ ಹಾಕಿದರೆ ಅಕ್ಷರಕ್ಕೆ 6,500 ಬಾತ್. ಇದನ್ನು ಫ್ಯಾಕ್ಟರಿಯಲ್ಲಿ ಒಬ್ಬ ಹಿರಿಯ ಫಿಟ್ಟರ್ ಬಿಡಿಸಿ ಹೇಳಿದಾಗ ಸೊಂಗ್‌ಕ್ರಾನ್ ಮುಗಿದು, ಮನೆ ಮಾಡೋ ಮಾತು ಮುರಿದು, ನಾನು ಗೆಸ್ಟ್ ಹೌಸಿನಲ್ಲಿ ಸೂಟ್‌ಕೇಸ್ ಮೇಲೆ ತಟ್ಟೆ ಇಟ್ಟುಕೊಂಡು ಊಟ ಮಾಡ್ತಿದ್ದೆ. ಪಾ ಮೇಲೆ ನನಗೆ ಸಿಟ್ಟಿಲ್ಲ. ಕರಾರಿನಲ್ಲಿ ಇದ್ದ ಹಾಗೇ ನಡೆದುಕೊಂಡರು, ಹೊರಡೋ ದಿನ ಒಂದು ಚೀಲ ಮಾವಿನಹಣ್ಣನ್ನೂ ಕೊಟ್ಟರು.

ಹಾಗಾಗಿ ಆ್ಯಪೋ ಟ್ಯೂಷನ್ನೋ ಅನ್ನೋದು ನನ್ನ ಪ್ರಕಾರ ಪ್ರಶ್ನೆಯೇ ಅಲ್ಲ. ಥಾಯ್‌ನಲ್ಲಿ ಭವಿಷ್ಯತ್ ಕಾಲ ಅನ್ನೋದೂ ಇಲ್ಲ. ಕ್ರಿಯಾಪದ ಯಾವ ಕಾಲಕ್ಕೂ ರೂಪ ಬದಲಿಸಲ್ಲ. "ಫ್ರುಂಗ್‌ನೀ ಪೈ" ಅಂದರೂ ನಾಳೆ ಹೋಗ್ತೀನಿ ಅಂತಲೇ. ಫ್ರುಂಗ್‌ನೀ, ಅಂದರೆ ನಾಳೆ, ಇದ್ದರೆ ಎಷ್ಟೋ ಸಲ ಚ ಕೂಡ ಬೇಕಾಗಲ್ಲ. ನಾವೂ 'ದಿನಾ ಹೋಗ್ತೀನಿ', 'ನಾಳೆ ಹೋಗ್ತೀನಿ' ಎರಡಕ್ಕೂ ಒಂದೇ 'ಹೋಗ್ತೀನಿ'ಯಲ್ಲಿ ಕೆಲಸ ಮುಗಿಸಲ್ವಾ? ನೀವು ಕಲೀಬೇಕಾದ್ದು ಕಾಲ ಅಲ್ಲ, ಎಷ್ಟು ಗಟ್ಟಿಯಾಗಿ ಹೇಳ್ತಿದ್ದೀರಿ ಅನ್ನೋದನ್ನ.

ಅದಕ್ಕೆ ಕನ್ನಡದಲ್ಲೇ ಒಂದು ಏಣಿ ಇದೆ. 'ಹೋದರೂ ಹೋಗಬಹುದು' ಅನ್ನೋದಕ್ಕೆ 'ಆತ್ ಚ ಪೈ'. 'ಬಹುಶಃ ಹೋಗ್ತೀನಿ' ಅನ್ನೋದಕ್ಕೆ 'ಖೊಂಗ್ ಚ ಪೈ'. 'ಹೋಗಬೇಕು ಅಂತಿದ್ದೀನಿ' ಬಂದಾಯ್ತು. 'ಮನಸ್ಸು ಮಾಡಿದ್ದೀನಿ' ಅನ್ನೋಕೆ 'ತಂಗ್ ಚೈ ಚ ಪೈ'. ಅದರಲ್ಲಿ ಚೈ ಅಂದರೆ ಮನಸ್ಸೇ. ಹೋಗಲ್ಲ ಅನ್ನೋದಾದರೆ 'ಚ ಮೈ ಪೈ', ಅಲ್ಲಗಳೆಯೋ ಮೈ ಚ ಆದಮೇಲೆ ಬರುತ್ತೆ. ನನಗೆ ತುಂಬಾ ಇಷ್ಟವಾದದ್ದು 'ಚ ಪೈ ಲ್ಯಾವ್'. ಲ್ಯಾವ್ ಅಂದರೆ 'ಆಯ್ತು', ಮುಗಿದ ಕೆಲಸಕ್ಕೆ ಹಚ್ಚೋ ಪದ. ಇನ್ನೂ ಬಾಗಿಲಲ್ಲೇ ನಿಂತಿರೋನು ಅದನ್ನ ಹೇಳ್ತಾನೆ. ಇಂಗ್ಲಿಷ್ ಮೂಲಕ ಕಲಿಯೋರು ಇಲ್ಲಿ ತಲೆ ಕೆರಕೊಳ್ತಾರೆ. ನಮಗೇನು, ಚಪ್ಪಲಿ ಹುಡುಕ್ತಾ "ಹೊರಟೆ ಹೊರಟೆ" ಅನ್ನೋ ಜನ ನಾವು.

'ದೂಅನ್ ನಾ' ಕೂಡ ಹಾಗೇ. ನಾ ಅಂದರೆ ಮುಂಭಾಗ, ಮುಖ. ನಮ್ಮ 'ಮುಂದಿನ ತಿಂಗಳು' ಅದೇ ಅಲ್ವಾ? ವಾರಕ್ಕೂ ವರ್ಷಕ್ಕೂ ಇದೇ ನಾ: ಆಥಿತ್ ನಾ, ಪೀ ನಾ. ಆಥಿತ್ ಅಂದರೆ ಆದಿತ್ಯ.

ಉಚ್ಚಾರಣೆಗೆ ಇಂಗ್ಲಿಷ್ ಅಕ್ಷರ ಮುಟ್ಟಬೇಡಿ. ಅದರಲ್ಲಿ ಚ-ವನ್ನು ಜೆ ಹಾಕಿ ಬರೀತಾರೆ, ಜನ 'ಜ' ಅಂತಾರೆ. ಕನ್ನಡದಲ್ಲೇ ಬರಕೊಳ್ಳಿ. ಪ-ಫ, ಕ-ಖ ವ್ಯತ್ಯಾಸ ಅಲ್ಲಿ ಅರ್ಥವನ್ನೇ ಬದಲಿಸುತ್ತೆ, ಮೇಷ್ಟ್ರ ಹತ್ತಿರ ಏಟು ತಿಂದು ಕಲಿತ ಮಹಾಪ್ರಾಣ ಕೊನೆಗೂ ಉಪಯೋಗಕ್ಕೆ ಬಂತು. ಸ್ವರದ ಏರಿಳಿತ ಮಾತ್ರ ಕನ್ನಡ ಕಲಿಸಲ್ಲ. 'ಯಾಕ್' ತಗ್ಗಿನಲ್ಲಿ ಹೇಳಿದರೆ ಆಸೆ, ಮೇಲಿಂದ ಬೀಳಿಸಿದರೆ ಕಷ್ಟ. ಅದಕ್ಕೆ ಕಿವಿಯೇ ಗತಿ, ಹಣ್ಣಿನ ಗಾಡಿಯವರ ಹತ್ತಿರ ನಿಂತು ಮಾತಾಡಿ. ಟ್ಯೂಷನ್ ದುಡ್ಡಿನಲ್ಲಿ ಹಣ್ಣೂ ಬರುತ್ತೆ.

ಇನ್ನು ಗಂಟೆ. ಅಲ್ಲಿ ರಾತ್ರಿ ಏಳಕ್ಕೆ 'ನುಂಗ್ ಥುಮ್', ಒಂದನೇ ಥುಮ್. ಹಾಗಾಗಿ 'ಸೋಂಗ್ ಥುಮ್', ಸೋಂಗ್ ಅಂದರೆ ಎರಡು, ರಾತ್ರಿ ಎಂಟು. ಬೆಳಗಿನ ಜಾವ ಎರಡು 'ತೀ ಸೋಂಗ್'. ಯಾರಾದರೂ ಸೋಂಗ್ ಅಂದ ಕೂಡಲೇ ತಲೆ ಆಡಿಸಬೇಡಿ, ಹಿಂದೆ ಮುಂದೆ ಏನಿದೆ ಕೇಳಿಸಿಕೊಳ್ಳಿ.

ಹಾಂ, ತಿಂಗಳುಗಳು ನಮ್ಮ ರಾಶಿಗಳೇ. ನೀವು ಹೊರಡೋ ಆಗಸ್ಟ್ ಅಲ್ಲಿ 'ಸಿಂಗ್‌ಹಾಖೊಮ್', ಸಿಂಹ. 'ಖೊಮ್' ಅಂತ ಮುಗಿದರೆ 31 ದಿನ, 'ಯೊನ್' ಅಂತ ಮುಗಿದರೆ 30. ಕರಾರಿನಲ್ಲಿ ಇಸವಿ ನೋಡಿ ಗಾಬರಿ ಆಗಬೇಡಿ, ಬುದ್ಧ ಶಕೆ, 543 ಕಳೆದರೆ ನಮ್ಮದು. ನನ್ನದರಲ್ಲಿ 2561 ಅಂತಿತ್ತು. ಅಡ್ವಾನ್ಸ್ ವಾಪಸ್ ಸಿಗೋ ಸಾಲು ಯಾವುದು ಅಂತ ಸಹಿ ಮಾಡೋ ಮುಂಚೆ ಯಾರ ಹತ್ತಿರವಾದರೂ ಓದಿಸಿಕೊಳ್ಳಿ. "ನ್ಯಾ ಚೈ ಮೈ" ಅಂತ ಕೇಳಿದರೆ ಖ್ರಾಪ್ ಅನ್ನಬೇಡಿ. "ಯಂಗ್ ಮೈ ನ್ಯಾ ಚೈ" ಅನ್ನಿ, ಇನ್ನೂ ಖಾತ್ರಿ ಇಲ್ಲ ಅಂತ.